ಜೋಳದ ಡಬ್ಬಿಯೊಳಗಿನ ಬಾಟಲಿ

ಮಗಳು ಸತ್ತ ಸುದ್ದಿ ಬಂದ ದಿನ ಪಾರ್ವತಿಬಾಯಿ ಅಳಲಿಲ್ಲ, ಬೈದಳು. ಲಿಂಗಪೂಜೆ ಮುಗಿಸಿ ವಿಭೂತಿಯ ಕೈ ಒರೆಸಿಕೊಳ್ಳುತ್ತಿದ್ದಾಗ ಓಣಿಯ ದುರಗಮ್ಮ ಓಡಿ ಬಂದು ಹೊಸ್ತಿಲಲ್ಲೇ ಕುಸಿದಳು. ಸುರಪುರಕ್ಕೆ ಕೇಕ್ ಕೊಡಲು ಹೋಗುತ್ತಿದ್ದ ಶಾಂಭವಿಯ ಸ್ಕೂಟಿಗೆ ಹತ್ತಿಗುಡೂರ ಕ್ರಾಸಿನ ಹತ್ತಿರ ಲಾರಿ ಹೊಡೆದಿತ್ತು. ಓಡಿಸುವವನು ಕುಡಿದಿದ್ದನಂತೆ.

"ಹಟಮಾರಿ! ಹೋಗಬ್ಯಾಡ ಅಂದ್ರ ಕೇಳ್ತಿದ್ಲೇನು ಅಕಿ?" ಎಂದು ಪಾರ್ವತಿಬಾಯಿ ಕೂಗಿದಳು.

ಹೋಗಬೇಡ ಎಂದು ಅವಳು ಹೇಳಿರಲಿಲ್ಲ. ಹೇಳುವುದೆಲ್ಲಿಂದ ಬಂತು? ತಾಯಿ ಮಗಳ ನಡುವೆ ಮಾತು ನಿಂತು ಇಪ್ಪತ್ತು ದಿನವಾಗಿತ್ತು.

ಗಂಡ ತೀರಿದ ಮೇಲೆ ಶಾಂಭವಿ ಶಹಾಪುರದ ತವರಿಗೆ ಬಂದು, ಹಿತ್ತಲ ಕೋಣೆಯಲ್ಲಿ ಓವನ್ ಇಟ್ಟುಕೊಂಡು ಕೇಕ್ ಮಾಡಿ ಮಾರುತ್ತಿದ್ದಳು. ಕೈಸಹಾಯಕ್ಕೆ ದುರಗಮ್ಮ ಇದ್ದಳು. ಮೊಟ್ಟೆ ಹಾಕದ ಕೇಕ್ ಎಂದು ಪಾರ್ವತಿಬಾಯಿಗೂ ಒಳಗೊಳಗೆ ಹೆಮ್ಮೆ. ಒಂದು ದಿನ ಕಪಾಟಿನಲ್ಲಿ ಬಾಟಲಿ ಸಿಕ್ಕಿತು. ಮೇಲೆ ಕಿತ್ತಳೆಹಣ್ಣಿನ ಚಿತ್ರ, ಒಳಗೆ ಸಿಹಿ ಮದ್ಯ, ಅಂದರೆ ಸೆರೆ.

"ಕುಡಿಯಾಕಲ್ಲ ಯವ್ವಾ, ಕೇಕಿಗಿ. ಬೇಕಂತ ಕೇಳಿದೋರಿಗೆ ಅಷ್ಟ ಹಾಕ್ತೀನಿ, ನಾಕು ಚಮಚಿ" ಎಂದಳು ಶಾಂಭವಿ.

"ನಾಕು ಚಮಚಿ ಆದ್ರ ಸೆರಿ ಅಲ್ಲೇನು? ಕೊರಳಾಗ ಲಿಂಗ ಕಟ್ಕೊಂಡು ಇದನ್ನ ಮುಟ್ಟೀಯಲ್ಲ, ನಿನ್ನ ಕೈ ಸೇದಿ ಹೋಗಲಿಲ್ಲೇನು!"

ಮಗಳು ಬಾಯಿ ತೆರೆದಳು, ಏನೋ ಹೇಳಲು ಹೋದಳು, ಹೇಳದೆ ಮುಚ್ಚಿದಳು. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆ, ಎರಡು ಕೊಡ. ಮಗಳ ಕೈಯ ನೀರನ್ನೂ ಪಾರ್ವತಿಬಾಯಿ ಮುಟ್ಟಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ. ಹಿಂದಿನ ದಿನ ಮುಂಜಾನೆಯೇ ಹುಣಸಗಿಯಿಂದ ಮೈದುನ ಭೀಮರಾಯ ಬಂದು ಯಜಮಾನಿಕೆ ಹಿಡಿದ. ರೊಟ್ಟಿಗೆಂದು ದುರಗಮ್ಮ ಶಾಂಭವಿಯ ಕೋಣೆಯ ಜೋಳದ ಡಬ್ಬಿಗೆ ಕೈ ಹಾಕಿದರೆ ಕಾಳಿನೊಳಗಿಂದ ಆ ಬಾಟಲಿ ಬಂತು. ತಾಯಿಯ ಕಣ್ಣಿಗೆ ಬೀಳಬಾರದೆಂದು ಶಾಂಭವಿ ಅಲ್ಲಿ ಹೂತಿಟ್ಟಿದ್ದಳು.

"ನೋಡ್ರಿ ವೈನಿ," ಎಂದ ಭೀಮರಾಯ, "ಇದನ್ನ ಮೊದಲ ಗಟಾರಕ್ಕ ಸುರೀರಿ. ನಾಳಿಗಿ ಮಠದ ಅಯ್ಯನವರು ಬರ್ತಾರ. ಇಂಥಾ ಪಾಪ ಮನ್ಯಾಗ ಇಟ್ಕೊಂಡ್ರ ಲಾರಿ ಬರಲಾರದ ಇನ್ನೇನು ಬರ್ತದ?"

ಇಂಥದೇ ಮಾತನ್ನು ಹತ್ತು ದಿನದಿಂದ ಪಾರ್ವತಿಬಾಯಿ ಮನಸ್ಸಿನಲ್ಲಿ ತಾನೇ ಆಡಿಕೊಳ್ಳುತ್ತಿದ್ದಳು. ಇನ್ನೊಬ್ಬರ ಬಾಯಿಂದ ಕೇಳಿದಾಗ ಮೈಯೆಲ್ಲ ಉರಿದುಹೋಯಿತು.

"ಕುಡುದಾಂವ ಲಾರಿಯಾಗಿದ್ದ, ಭೀಮರಾಯ. ನನ್ನ ಮಗಳು ಕುಡುದಿದ್ದಿಲ್ಲ. ಬಾಟ್ಲಿ ಇಲ್ಲಿ ಕೊಡು."

"ಏನ್ ಮಾಡ್ತೀರಿ?"

"ಸತ್ತೋರಿಗೆ ಅವರು ಮೆಚ್ಚಿದ್ದನ್ನ ಎಡಿ ಇಡೂದು ನಮ್ಮನಿ ಪದ್ಧತಿ. ಅಕಿ ಮೆಚ್ಚಿ ಮಾಡ್ತಿದ್ದುದು ಕೇಕ್. ಅದನ್ನ ಇಡ್ತೀನಿ, ಅಕಿ ಹೆಂಗ ಮಾಡ್ತಿದ್ಲೋ ಹಂಗ."

ಭೀಮರಾಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಪಾರ್ವತಿಬಾಯಿ ಮೊದಲ ಸಲ ಮಗಳ ಕೋಣೆಯಲ್ಲಿ ಕೆಲಸಕ್ಕೆ ಕುಳಿತಳು. ಮೈದಾ, ಸಕ್ಕರೆ, ಮೊಸರು, ಎಣ್ಣೆ. ದುರಗಮ್ಮ ಹೇಳಿದಂತೆ ಕಲಸತೊಡಗಿದಳು. ಸಿಟ್ಟೆಲ್ಲ ಕೈಗೆ ಇಳಿದಿತ್ತು.

"ಹಗೂರಕ್ಕ ಅವ್ವಾರ, ಅದು ಕೇಕ್, ನಿಮ್ಮ ಮೈದುನ ಅಲ್ಲ" ಎಂದಳು ದುರಗಮ್ಮ.

ಬಾಟಲಿ ಹಿಡಿಯುವ ಹೊತ್ತಿಗೆ ಪಾರ್ವತಿಬಾಯಿ ಸೆರಗಿನಿಂದ ಮೂಗು ಮುಚ್ಚಿ, ಮುಖ ತಿರುಗಿಸಿ ಅಳೆದು ಹಾಕಿದಳು.

"ಅದೇನು ಕಡಿಯಂಗಿಲ್ರಿ. ನಮ್ಮಲ್ಲಿ ಸತ್ತೋರ ಮುಂದ ಪೂರಾ ಬಾಟ್ಲಿನ ಇಡ್ತೀವಿ. ನಮ್ಮ ಮಾವಗ ಇಟ್ಟಿದ್ದು ಮುಂಜಾನಿ ನೋಡಿದ್ರ ಖಾಲಿ. ಅಪ್ಪ ಬಂದು ಕುಡುದು ಹೋಗ್ಯಾನ ಅಂದ ನನ್ನ ಗಂಡ. ಅಪ್ಪನ ವಾಸನಿ ಮಗನ ಬಾಯಾಗಿತ್ತು."

ಪಾರ್ವತಿಬಾಯಿಗೆ ನಗು ಬಂತು. ನಗು ಬಂದದ್ದಕ್ಕೂ ಸಿಟ್ಟು ಬಂತು.

ಕೇಕ್ ಬೆಂದು ಹೊರಗೆ ಬಂದಾಗ ದುರಗಮ್ಮ ಬಿಸಿಯ ಮೇಲೇ ಇನ್ನೆರಡು ಚಮಚೆ ಸವರಿದಳು. ಹಬೆಯೊಂದಿಗೆ ಕಿತ್ತಳೆ ಸಿಪ್ಪೆಯ ಘಮ ಕೋಣೆಗೆಲ್ಲ ಹರಡಿತು. ಪಾರ್ವತಿಬಾಯಿಯ ಸೆರಗು ಮೂಗಿನಿಂದ ಜಾರಿತು.

ಈ ಘಮ ಅವಳಿಗೆ ಗೊತ್ತಿತ್ತು. ಹೋದ ವರ್ಷ ಹುಣಸಗಿಯಲ್ಲಿ, ಭೀಮರಾಯನ ಮಗಳ ನಿಶ್ಚಯದಲ್ಲಿ, ಇದನ್ನೇ ಎರಡು ತುಂಡು ತಿಂದು ಮೂರನೆಯದನ್ನು ಮನೆಗೆ ಕಟ್ಟಿಸಿಕೊಂಡು ಬಂದಿದ್ದಳು.

"ದುರಗಿ, ಖರೇ ಹೇಳು. ಅವತ್ತಿನ ಕೇಕಿನಾಗೂ ಇದ ಇತ್ತೇನು?"

ದುರಗಮ್ಮ ತಲೆ ತಗ್ಗಿಸಿದಳು. "ಇತ್ರಿ. ನಿಮ್ಮ ಮೈದುನರು ಫೋನ್ ಮಾಡಿ ಹೇಳಿದ್ರು, ಬೀಗರು ದೊಡ್ಡ ಮಂದಿ ಅದಾರ, ಜರಾ ಜಾಸ್ತಿನ ಹಾಕು ಅಂತ. ಶಾಂಭವಿ ಅಕ್ಕ ನಿಮಗಂತ ಬ್ಯಾರೆ ಕೇಕ್ ತಂದಿದ್ಲು. ನೀವು ಬೀಗರ ತಾಟಿಗಿ ಕೈ ಹಾಕಿದ್ರಿ. ಅಕಿ ನೋಡೂದ್ರಾಗ ತಿಂದು ಮುಗಿಸಿದ್ರಿ. ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿದ್ಲು. ಗೊತ್ತಾದ್ರ ನಮ್ಮವ್ವ ಉಪಾಸ ಬಿದ್ದು ಸಾಯ್ತಾಳ, ಆ ಪಾಪ ನನಗ ಇರಲಿ ಅಂದ್ಲು."

ಜಗಳದ ದಿನ ಮಗಳು ತೆರೆದು ಮುಚ್ಚಿದ ಬಾಯಿ ಪಾರ್ವತಿಬಾಯಿಯ ಕಣ್ಣಿಗೆ ಕಟ್ಟಿತು. 'ನೀನೂ ತಿಂದೀಯಲ್ಲ' ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ಬೈಸಿಕೊಂಡಳು, ಬೇರೆ ಒಲೆ ಹೂಡಿಕೊಂಡಳು, ಹೋದಳು.

"ಬಾಯಿ ಬಿದ್ದಿತ್ತೇನು ನಿಂಗ! ಹೇಳಬಾರದಾಗಿತ್ತೇನು!" ಎಂದು ಪಾರ್ವತಿಬಾಯಿ ಇಲ್ಲದ ಮಗಳಿಗೆ ಓವನಿನ ಮುಂದೆ ಕೂಗಿದಳು. ಹತ್ತು ದಿನದ ಅಳು ಆಗ ಬಂತು.

ಮರುದಿನ ನೆಂಟರು ಕೂಡಿದರು. ಮಗಳ ಫೋಟೋದ ಮುಂದೆ ಹೋಳಿಗೆ, ಬದನೆಕಾಯಿ ಪಲ್ಯ, ರೊಟ್ಟಿಗಳ ನಡುವೆ ಪಾರ್ವತಿಬಾಯಿ ಕೇಕ್ ಇಟ್ಟಳು. ಭೀಮರಾಯ ಎದ್ದು ನಿಂತ.

"ವೈನಿ, ತಗೀರಿ ಅದನ್ನ. ಮಂದ್ಯಾಗ ಮಾನ ಹೋಗ್ತದ."

"ನಿನ್ನ ಬೀಗರ ಮುಂದ ಇಟ್ಟಾಗ ಮಾನ ಬಂದಿತ್ತು, ನನ್ನ ಮಗಳ ಮುಂದ ಇಟ್ರ ಹೋಗ್ತದೇನು? ಜಾಸ್ತಿ ಹಾಕು ಅಂದಾಂವ ನೀನು. ತಿಂದಾಕಿ ನಾನು. ಬೈಸಿಕೊಂಡಾಕಿ ಮಾತ್ರ ಅಕಿ!"

ಭೀಮರಾಯನ ಮೋರೆ ಬೂದಿಯಾಯಿತು. ಪಾರ್ವತಿಬಾಯಿ ಮಠದ ಅಯ್ಯನವರ ಕಡೆ ತಿರುಗಿ ಕೈ ಮುಗಿದಳು. "ಇದರಾಗ ಸೆರಿ ಅದರಿ, ಅಯ್ಯನವರ. ಇದು ನಿಮಗಲ್ಲ, ಬಳಗಕ್ಕಲ್ಲ. ಅಕಿಗಷ್ಟ. ತಪ್ಪಾದ್ರ ನನಗ ಹೇಳ್ರಿ, ಅಕಿಗಿ ಹೇಳಬ್ಯಾಡ್ರಿ."

ಮುದುಕ ಅಯ್ಯನವರು ಬಹಳ ಹೊತ್ತು ಫೋಟೋ ನೋಡಿದರು. "ತಾಯಿ ಇಟ್ಟ ಎಡಿ ತಗಿ ಅನ್ನಾಕ ನಾ ಯಾರವ್ವ?" ಎಂದು ಮಂತ್ರ ಶುರುಮಾಡಿದರು.

ಪಾರ್ವತಿಬಾಯಿ ಎದ್ದು ಹಿತ್ತಲ ಕೋಣೆಗೆ ಹೋಗಿ, ಮಗಳು ತುಂಬಿಟ್ಟು ಹೋದ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡಳು. ಹನ್ನೊಂದು ದಿನದ ನೀರು. ನಿಂತಲ್ಲೇ ಕುಡಿದಳು. ಆಮೇಲೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು.

'ಶಿವನೇ, ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಸುಳ್ಳು ಹೇಳಲಾರೆ. ಆದರೂ ಕೇಳುತ್ತೇನೆ. ಅವಳ ಕೈಯ ನೀರನ್ನು ನಾನು ಮುಟ್ಟಲಿಲ್ಲ, ನೀನು ಮುಟ್ಟು. ನನ್ನ ಪಾಪವನ್ನು ತನ್ನದೆಂದು ಹೊತ್ತು ಬಂದಿದ್ದಾಳೆ, ಅದನ್ನು ಇಳಿಸಿ ನನಗೆ ಕೊಡು. ದಣಿದಿದ್ದಾಳೆ. ನಿನ್ನ ಮನೆಯಲ್ಲಿ ಯಾರೂ ಅವಳನ್ನು ಬೈಯದಿರಲಿ. ನನ್ನ ಶಾಂಭವಿ ನಿನ್ನೊಳಗೆ ಶಾಂತವಾಗಿರಲಿ.'