ಎಡಗಡೆ ಮುಕ್ಕಾಲು ಇಂಚು

ನೂಲಿನ ಧೂಳು ಮತ್ತೆ ಮೂಗಿಗೆ ಬಂತು, ಸೀನಿದರೆ ಸೂಜಿ ಬೆರಳಿಗಿಳಿಯುತ್ತದೆ, ಕಲಾವತಿ ಉಸಿರು ಹಿಡಿದು ಕಾಲರಿನ ಮೂಲೆ ತಿರುಗಿಸಿದಳು, ಪೆಡಲ್ ಒತ್ತಿದಳು, ದಾರ ಕತ್ತರಿಸಿ ಎಡಕ್ಕೆ ಎಸೆದು ಮುಂದಿನದಕ್ಕೆ ಕೈಹಾಕಿದಳು, ಗಂಟೆಗೆ ಅರವತ್ತು ಕಾಲರು, ಈಗ ಹನ್ನೊಂದೂ ಕಾಲು, ಸ್ಪಂದನಳಿಗೆ ಸಣ್ಣ ಬ್ರೇಕು ಮುಗಿದು ಕನ್ನಡ ಪೀರಿಯಡ್ಡು, ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಾಳಾ, ಹಿಂದಕ್ಕೆ ಒರಗಿದ್ದಾಳಾ, ಒರಗಬೇಡ ಎಂದು ಹೇಳಿ ಕಳಿಸಬೇಕಿತ್ತು, ಹೇಳಿದ್ದರೆ ಯಾಕಮ್ಮ ಎಂದು ಕೇಳುತ್ತಿದ್ದಳು, ಒಂಬತ್ತು ವರ್ಷದ ಮಗಳಿಗೆ ಏನೆಂದು ಹೇಳುವುದು, ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದಾಗ ನಿನ್ನ ಬೆನ್ನೊಳಗೆ ಟಕ್ ಎಂದದ್ದು ನಿನಗೂ ಕೇಳಿಸಿತು ನನಗೂ ಕೇಳಿಸಿತು, ಇಬ್ಬರೂ ಮುಖ ಮುಖ ನೋಡಿಕೊಂಡೆವು ಎನ್ನುವುದೇ, ಶೂ ಸೌಂಡು ಕಣಮ್ಮ, ಬಕಲ್ಲು, ಅಂದಿತು ಮಗು. ಆ ಶೂಗೆ ಬಕಲ್ಲೇ ಇಲ್ಲ, ಅಂಟಿಸುವ ಪಟ್ಟಿ, ಮಗು ಹೆಚ್ಚು ಬಗ್ಗುವುದು ಬೇಡವೆಂದು ಸುಂಕದಕಟ್ಟೆಯ ಅಂಗಡಿಗಳನ್ನೆಲ್ಲ ಅಲೆದು ತಂದದ್ದು. ಆದರೂ ಹೌದು ಬಕಲ್ಲೇ ಎಂದುಬಿಟ್ಟಳು ಕಲಾವತಿ, ಬ್ಯಾಗನ್ನು ತಾನೇ ಹೊತ್ತು ಬ್ಯಾಡರಹಳ್ಳಿಯ ಸ್ಕೂಲಿನ ಗೇಟಿನವರೆಗೆ ಬಿಟ್ಟು, ಓಡಿಬಂದು ಫ್ಯಾಕ್ಟರಿಯ ಹಾಜರಿ ಮಿಷನ್ನಿಗೆ ಬೆರಳೊತ್ತಿದಳು, ಎಂಟೂ ಐವತ್ತೆಂಟು, ಒಳಗೆ ಬಂದಳು, ಬಂದಮೇಲೆ ಬಂದಂತೆಯೇ, ಫೋನು ಲಾಕರಿನಲ್ಲಿ, ಲಾಕರಿನ ಕೀ ಸೆಕ್ಯುರಿಟಿ ಗಂಗಾಧರಯ್ಯನ ಹತ್ತಿರ, ಗಂಗಾಧರಯ್ಯ ಗೇಟಿನ ಹತ್ತಿರ, ಗೇಟು ತೆಗೆಯುವುದು ಐದೂವರೆಗೆ, ಅದಕ್ಕೂ ಮುಂಚೆ ಬೇಕೆಂದರೆ ಪಾಸು, ಪಾಸು ಬೇಕೆಂದರೆ ಕಾರಣ ಹೇಳಬೇಕು, ಬಾಯಿಬಿಟ್ಟು ಹೇಳಬೇಕು.

ಏನ್ ಕಲಾ, ಇವತ್ತು ಮಿಷನ್ನೇ ನಿನ್ನ ಓಡಿಸ್ತಾ ಇದೆಯಾ, ಪಕ್ಕದ ಮಿಷನ್ನಿನ ವಿಮಲಮ್ಮ ನಗುತ್ತಾಳೆ, ಇವಳೂ ನಕ್ಕಳು, ನಕ್ಕಂತೆ ಮಾಡಿದಳು, ಮಕ್ಕಳು ಬೆಳೀತಾರೆ, ರಾಡು ಬೆಳೆಯಲ್ಲಮ್ಮ ಅಂದಿದ್ದರು ಡಾಕ್ಟರು, ಎಕ್ಸ್‌ರೇಯನ್ನು ದೀಪದ ಮುಂದೆ ಹಿಡಿದು, ಸೊಟ್ಟಗೆ ಬಾಗಿದ್ದ ಬೆನ್ನೆಲುಬಿನ ಎರಡೂ ಪಕ್ಕಕ್ಕೆ ಒಂದೊಂದು ರಾಡು, ಮೇಲೆ ಕೆಳಗೆ ಸ್ಕ್ರೂ, ಆರು ತಿಂಗಳಿಗೊಮ್ಮೆ ಬಂದು ಸ್ವಲ್ಪ ಕೊಯ್ದು ಉದ್ದ ಮಾಡಿಸ್ಕೊಂಡು ಹೋಗಬೇಕು, ತಪ್ಪಿಸಬಾರದು, ಭುಜ ಇಳಿದರೆ, ಒಳಗೆ ಸದ್ದು ಬಂದರೆ, ಚರ್ಮ ಕೆಂಪಾದರೆ ಅವತ್ತೇ ಬರಬೇಕು, ಅರ್ಥ ಆಯ್ತಾ. ಆಗಿತ್ತು, ಚೆನ್ನಾಗಿಯೇ ಆಗಿತ್ತು. ಮೊದಲ ಸಲ ಉದ್ದ ಮಾಡಿದಾಗ ನಾಲ್ಕೇ ದಿನಕ್ಕೆ ಮನೆಗೆ ಬಂದರು, ಎರಡನೆಯ ಸಲ ಗಾಯ ಕೀವಾಯಿತು, ಮತ್ತೆ ತೆಗೆದು ತೊಳೆದರು, ಇಪ್ಪತ್ತೆರಡು ದಿನ ವಾರ್ಡಿನಲ್ಲಿ, ಡ್ರೆಸ್ಸಿಂಗಿನ ಟ್ರಾಲಿಯ ಚಕ್ರ ಕಾರಿಡಾರಿನಲ್ಲಿ ಕಿರ್ರೆಂದರೆ ಸಾಕು ಮಗು ಹೊದಿಕೆಯೊಳಗೆ ಮುದುಡಿಕೊಳ್ಳುತ್ತಿತ್ತು, ಅಮ್ಮ ಇನ್ನೊಂದ್ಸಲ ಕೊಯ್ಯಲ್ಲ ಅಲ್ವಾ, ಪ್ರಾಮಿಸ್ ಮಾಡು, ತಲೆ ಮುಟ್ಟಿ ಮಾಡು. ಮಾಡಿದ್ದಳು. ಮೂರನೆಯದಕ್ಕೆ ಏಪ್ರಿಲ್ ಹತ್ತೊಂಬತ್ತರ ದಿನ ಕೊಟ್ಟಿದ್ದರು, ಹೋಗಲಿಲ್ಲ, ಜೂನಿನಲ್ಲಿ ಸ್ಕೂಲು ತೆರೆದಾಗ ಡಾಕ್ಟರು ದಸರಾ ಕಳೆಯಲಿ ಅಂದ್ರು ಎಂದಳು ಗಂಡನ ಹತ್ತಿರ, ರುದ್ರೇಶ ಡೆಲಿವರಿ ಬ್ಯಾಗನ್ನು ಬೈಕಿಗೆ ಬಿಗಿಯುತ್ತ, ಹಂಗಾರ ಛಲೋನ ಆತು ಬಿಡ, ನನ್ನ ಮಗಳು ನೋಡ ಎಷ್ಟ ನೆಟ್ಟಗ ನಿಂತಾಳ, ಇನ್ಸ್‌ಪೆಕ್ಟರ್ ಆಗಾಕಿ ಇಕಿ ಅಂದ, ಅಪ್ಪನಿಗೊಂದು ಸಲ್ಯೂಟು ಹೊಡೆಯಿತು ಮಗು, ಯೂನಿಫಾರ್ಮಿನಲ್ಲಿ, ನೆಟ್ಟಗೆ.

ಆ ಯೂನಿಫಾರ್ಮು ಹೊಲಿದವಳು ಯಾರು. ತಿರುಗಿಸಿ, ಒತ್ತಿ, ಕತ್ತರಿಸಿ. ಏಳನೆಯ ವರ್ಷದ ಹುಟ್ಟುಹಬ್ಬದ ಫ್ರಾಕಿನ ಅಂಚು ಎಡಗಡೆ ಒಂದು ಇಂಚು ಕೆಳಗೆ ಜೋತಾಗ, ಕಟಿಂಗ್ ತಪ್ಪಿತು ಎಂದು ತನ್ನನ್ನೇ ಬೈದುಕೊಂಡು ಮೂರು ಸಲ ಬಿಚ್ಚಿ ಹೊಲಿದಿದ್ದಳು, ಬಟ್ಟೆ ಸರಿ ಇದೆ, ಮಗು ಓರೆಯಾಗಿದೆ ಎಂದು ಹೊಳೆಯಲು ಮೂರು ಸಲ ಬಿಚ್ಚಬೇಕಾಯಿತು, ಆಪರೇಷನ್ ಆದಮೇಲಿನ ಮೊದಲ ಸ್ಕರ್ಟಿಗೆ ಎರಡೂ ಕಡೆ ಒಂದೇ ಅಳತೆ ಬಂದಾಗ ಟೇಪನ್ನು ಕಣ್ಣಿಗೊತ್ತಿಕೊಂಡಿದ್ದಳು. ಈ ಸಲ ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ, ಈ ಸಲ ಗೊತ್ತಿದ್ದೇ ಮಾಡಿದ್ದು. ಜೂನಿನಲ್ಲಿ ಎಡಭುಜ ಇಳಿಯಿತು, ಸ್ಕರ್ಟಿನ ಎಡ ಅಂಚನ್ನು ಅರ್ಧ ಇಂಚು ಮಡಿಚಿದಳು, ಶರ್ಟಿನ ಭುಜದೊಳಗೆ ತೆಳ್ಳನೆಯ ಪ್ಯಾಡು ಕೊಟ್ಟಳು, ಆಗಸ್ಟಿನಲ್ಲಿ ಮುಕ್ಕಾಲು, ಹಾಕಿ ನೋಡಿದರೆ ಏನೂ ಇಲ್ಲ, ಕನ್ನಡಿಯಲ್ಲಿ ಏನೂ ಇಲ್ಲ, ಸ್ಪಂದನ ಎಷ್ಟು ಚೆನ್ನಾಗಿ ಇಂಪ್ರೂವ್ ಆಗಿದ್ದಾಳೆ ಅಲ್ವಾ ಎಂದರು ಚೈತ್ರ ಮಿಸ್, ಹೌದು ಮಿಸ್ ಎನ್ನುವಾಗ ಬೆರಳ ತುದಿಗೆ ಮಾತ್ರ ಗೊತ್ತಿತ್ತು, ಮಡಿಕೆಯೊಳಗೆ ಎಷ್ಟಿದೆ ಎಂದು. ಸ್ನಾನ ಮಾಡಿಸುವಾಗ ಬೆನ್ನಿಗೆ ಕೈ ಹೋಗುತ್ತದಲ್ಲ, ಅಲ್ಲಿ ಮಡಿಕೆ ಇಲ್ಲ, ಪ್ಯಾಡು ಇಲ್ಲ, ಬಲಗಡೆ ಭುಜದ ರೆಕ್ಕೆಯ ಮೂಳೆಯ ಕೆಳಗೆ ರಾಡಿನ ತುದಿ ಒಳಗಿನಿಂದ ಒತ್ತಿ ಒತ್ತಿ ಚರ್ಮ ಬೆಳ್ಳಗೆ ಬಿಗಿದಿದೆ, ಶರ್ಟಿನ ಗುಂಡಿಯಷ್ಟು, ಮಗು ಸಣ್ಣಗಾಗಿದ್ದಾಳೆ ಅದಕ್ಕೇ ಎಂದುಕೊಂಡು ಕೊಬ್ಬರಿ ಎಣ್ಣೆ ಸವರಿದಳು, ಶರ್ಟಿನ ಒಳಗೆ ಅಲ್ಲಿಗೇ ಸರಿಯಾಗಿ ಸ್ಪಂಜಿನ ತುಂಡು ಹೊಲಿದಳು, ನಡುವೆ ಗುಂಡಗೆ ಕತ್ತರಿಸಿ, ತಾಗದ ಹಾಗೆ, ಎಷ್ಟು ಅಚ್ಚುಕಟ್ಟಾಗಿ ಹೊಲಿದಳೆಂದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ನೋವಿದೆಯಾ, ಇಲ್ಲ ಕಣಮ್ಮ, ನಿಜ ಹೇಳು, ಇಲ್ಲ ಅಂದ್ನಲ್ಲ, ಡಾಕ್ಟರ್‌ಗೆ ಹೇಳಬೇಡ. ಇವತ್ತು ಬೆಳಿಗ್ಗೆ ಸ್ನಾನದ ಹೊತ್ತಿಗೆ ಆ ಬೆಳ್ಳನೆಯದರ ಮೇಲೆ ಇನ್ನೂ ಒಂದು— ಬೇಡ, ಕಾಲರು, ಮೂಲೆ ತಿರುಗಿಸು, ಒತ್ತು.

ಕಲಾವತಿ ಅವ್ರೇ, ಹಿಂದೆ ತಿರುಗಿ ನೋಡಿ ಸ್ವಲ್ಪ, ಗುಡ್ಡ ಬಿದ್ದಿದೆ, ಸೂಪರ್‌ವೈಸರ್ ರವಿಕುಮಾರ್ ನಿಂತಿದ್ದಾನೆ, ಮುಂದಿನ ನಾಲ್ಕು ಮಿಷನ್ನು ನಿಮ್ಮಿಂದ ಖಾಲಿ ಕೂತಿದೆ, ಶುಕ್ರವಾರ ಶಿಪ್‌ಮೆಂಟು, ಏನ್ ನಿದ್ದೇನಾ. ಅವಳು ತಿರುಗಿ ನೋಡಿದಳು, ಬಿಳಿ ಕಾಲರುಗಳ ರಾಶಿ ನಿಜವಾಗಿಯೂ ಗುಡ್ಡದಂತೆ, ಕಾಲು ಎಷ್ಟು ಹೊತ್ತಿನಿಂದ ಪೆಡಲಿನ ಮೇಲೆ ಸುಮ್ಮನೆ ಇತ್ತೋ, ಎದ್ದರೆ ಹೇಳಬೇಕು, ಹೇಳಿದರೆ ಮಗುವನ್ನು ಮತ್ತೆ ಆ ಟೇಬಲ್ಲಿನ ಮೇಲೆ ಮಲಗಿಸಬೇಕು, ತಲೆ ಮುಟ್ಟಿದ ಕೈಯಿಂದಲೇ ಸಹಿ ಹಾಕಬೇಕು, ಹೇಳದಿದ್ದರೆ ಐದೂವರೆ, ಐದೂವರೆವರೆಗೆ ಮಗು ಬೆಂಚಿನ ಮರಕ್ಕೆ ಬೆನ್ನು ಕೊಟ್ಟು, ಮಕ್ಕಳು ಓಡುತ್ತಾ ಹಿಂದಿನಿಂದ ಒಂದು ಸಲ ಗುದ್ದಿದರೆ. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು, ಸರಿಸಿದ್ದು ತಾನೇ. ಗೇಟ್ ಪಾಸ್ ಬೇಕು ಸಾರ್. ಇವತ್ತಾ, ತಮಾಷೆ ಮಾಡ್ತಾ ಇದೀರಾ, ಏನಂತ ಬರೀಲಿ, ಜ್ವರ ಅಂತ ಬರೀಲಾ, ಎಲ್ರಿಗೂ ಇವತ್ತೇ ಜ್ವರ. ಜ್ವರ ಅಲ್ಲ ಸಾರ್, ನನ್ನ ಮಗಳ ಬೆನ್ನಲ್ಲಿರೋ ರಾಡು ಮುರಿದಿದೆ. ವಿಮಲಮ್ಮನ ಮಿಷನ್ನು ನಿಂತಿತು, ಅದರಾಚೆಯದೂ ನಿಂತಿತು, ರವಿಕುಮಾರ್ ಕಿವಿಯ ಮೇಲಿನ ಪೆನ್ನು ತೆಗೆದ, ಅವನ ದನಿಯೇ ಬೇರೆಯಾಯಿತು, ಅಯ್ಯೋ, ಮಗೂಗಾ, ಹೋಗಮ್ಮ, ಹೊರಡು ಮೊದಲು, ಕಾರಣದ ಕಾಲಮ್ಮಿಗೆ ಒಂದು ಸಾಲು ಬೇಕು ಅಷ್ಟೇ, ಯಾವಾಗ ಆಗಿದ್ದಿದು. ಎಷ್ಟು ಸುಲಭದ ಪ್ರಶ್ನೆ, ಇನ್ನೊಂದು ಗಂಟೆಯಲ್ಲಿ ಡಾಕ್ಟರು ಇದನ್ನೇ ಕೇಳುತ್ತಾರೆ, ಬೈಕು ನಿಲ್ಲಿಸಿ ಓಡಿಬಂದ ರುದ್ರೇಶ ಇದನ್ನೇ ಕೇಳುತ್ತಾನೆ, ಯಾವಾಗ, ಇವತ್ತು ಬೆಳಿಗ್ಗೆ ಎನ್ನಬಹುದು, ಇವತ್ತೇ ತಾನೇ ಟಕ್ ಎಂದದ್ದು, ಸುಳ್ಳೇನಲ್ಲ, ಯಾವಾಗಮ್ಮ, ಪೆನ್ನಿನ ತುದಿ ಕಾಗದದ ಮೇಲೆ ಕಾಯುತ್ತಿದೆ, ಆಗಸ್ಟು, ಜೂನು, ಏಪ್ರಿಲ್ ಹತ್ತೊಂಬತ್ತು, ಕಣ್ಣೆದುರು ಬಿಸಿನೀರು ಇಳಿದುಹೋದ ಸಣ್ಣ ಬೆನ್ನು, ಅದರ ಮೇಲೆ ಗುಂಡಿಯಷ್ಟು ಬೆಳ್ಳಗೆ ಬಿಗಿದ ಚರ್ಮ, ಆ ಬಿಳುಪಿನ ನಟ್ಟನಡುವೆ, ಒರೆಸಿದರೂ ಮತ್ತೆ ಮೂಡುತ್ತಿದ್ದ, ಸೂಜಿಮೊನೆಯಷ್ಟು ಕೆಂಪು ಹನಿ.