ಒಂದೇ ವಾಕ್ಯದ ಮೇಲೆ ಕೂತವರು

ಕಚೇರಿಯಲ್ಲಿದ್ದಷ್ಟು ಕಾಲ ಕಡತಗಳ ಮೇಲೆ ಕೂತಿದ್ದ ಗಂಡ, ನಿವೃತ್ತನಾದ ಮೇಲೆ ಬೈಬಲ್ಲಿನ ವಾಕ್ಯಗಳ ಮೇಲೆ ಕೂರತೊಡಗಿದ. ನೀರು ಸರಬರಾಜು ಇಲಾಖೆಯಲ್ಲಿ ಅದನ್ನು ವಿಳಂಬ ಅನ್ನುತ್ತಿದ್ದರು, ಈಗ ಧ್ಯಾನ ಅನ್ನುತ್ತಾರೆ. ಗುರುವಾರ ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಅವನಂಥವರೇ ಐದಾರು ಜನ ಸೇರುತ್ತಾರೆ. ಒಂದು ತುಣುಕು ಓದುವುದು, ಕಣ್ಣು ಮುಚ್ಚುವುದು, ಮತ್ತೆ ಅದನ್ನೇ ಓದುವುದು, ಆಮೇಲೆ ಯಾವ ಪದ ಯಾರನ್ನು ಹಿಡಿದು ನಿಲ್ಲಿಸಿತು ಎಂದು ಒಬ್ಬೊಬ್ಬರಾಗಿ ಹೇಳುವುದು. ಆ ಮಹಾನುಭಾವರಿಗೆಲ್ಲ ಚಹಾ ಕೊಡುವುದು ಹೆಂಡತಿಯ ಪಾಲಿನ ಧ್ಯಾನ.

ನಿಧಾನವಾಗಿ ಓದುವುದರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಅತ್ತೆಯೂ ಹಾಗೇ ಓದುತ್ತಿದ್ದರು. ಬೆಳಿಗ್ಗೆ ಒಂದು ಸಾಲು ಓದಿ, ಬಟ್ಟೆ ಒಣಹಾಕುತ್ತ ಅದನ್ನೇ ಮೆಲುಕು ಹಾಕಿ, ಸಂಜೆಯೊಳಗೆ ಯಾರ ಮನೆಗಾದರೂ ಹೋಗಿ ತಪ್ಪಾಯಿತು ಎಂದು ಹೇಳಿ ಬರುತ್ತಿದ್ದರು. ಅವರ ಈ ಮಗ ಮಾತ್ರ ಆಳಕ್ಕೆ ಇಳಿದವನು ಮೇಲೆ ಬರುವ ಮಾತೇ ಎತ್ತುತ್ತಿರಲಿಲ್ಲ. ಅವಳು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊಟಕ್ಕೆ ಮುಂಚೆ ಒಂದು ಮಾತ್ರೆ ಎಂದರೆ ನುಂಗುವುದು ಬಿಟ್ಟು ಅದರೊಳಗೆ ಇನ್ನೇನು ಹುಡುಕುವುದು?

ಅದೇ ಅತ್ತೆಯ ಮಣ್ಣಿನ ದಿನ ಅಣ್ಣತಮ್ಮಂದಿರ ಮಾತು ನಿಂತದ್ದು. ಸಮಾಧಿಯ ಪಕ್ಕದಲ್ಲಿ ವಾಕ್ಯ ಓದುವ ಕೆಲಸವನ್ನು ಗಂಡನ ಅಣ್ಣ, ಅಂದರೆ ಅವಳ ಭಾವ, ಸೋದರಮಾವನ ಮಗನಿಗೆ ಕೊಟ್ಟರು. "ತಮ್ಮನಿಗೆ ಕೊಟ್ರೆ ಇಲ್ಲೇ ಕತ್ತಲಾಗುತ್ತೆ" ಎಂದು ಅಳುವಿನ ನಡುವೆಯೂ ಒಂದು ತಮಾಷೆ ಭಾವನ ಬಾಯಿಂದ ಜಾರಿತು. ಅಷ್ಟಕ್ಕೇ ಗಂಡ ಮುಖ ಊದಿಸಿಕೊಂಡ. ಭಾವ ತಮ್ಮ ಮಗಳ ಮದುವೆಗೆ ಕರೆಯಲು ಬಂದಾಗ ಬಚ್ಚಲುಮನೆ ಸೇರಿ, ಅವರು ಹೋಗುವ ತನಕ ನಲ್ಲಿ ತಿರುಗಿಸಿಕೊಂಡು ನಿಂತಿದ್ದ.

ಗುರುವಾರದವರು ಯಾವ ವಾಕ್ಯಕ್ಕೆ ಬಂದಿದ್ದಾರೆ ಎಂದು ಭಾವನಿಗೆ ತಿಳಿಯಿತು. ಕಾಣಿಕೆ ತಂದವನಿಗೆ ಸಹೋದರನ ಜೊತೆಗಿನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಇಟ್ಟು, ಮೊದಲು ಹೋಗಿ ರಾಜಿಯಾಗಲಿ ಎನ್ನುವ ವಾಕ್ಯ. ಅವತ್ತಿನಿಂದ ಭಾವನೂ ಬಂದು ಚಪ್ಪಲಿಗಳ ಪಕ್ಕ ಕೂರತೊಡಗಿದರು. ಜನಕ್ಕೆ ಕಾರು ಓಡಿಸಲು ಕಲಿಸಿ ಕಲಿಸಿ ತಾಳ್ಮೆ ಅವರಿಗೆ ರೂಢಿಯಾಗಿತ್ತು.

"ನನ್ನ ಮಾತು ಕೇಳಲ್ಲ. ವಾಕ್ಯದ ಮಾತು ಕೇಳ್ತಾನಮ್ಮಾ" ಎಂದು ಅವಳ ಹತ್ತಿರ ಪಿಸುಗುಟ್ಟಿದರು.

ಒಂದು ವಾರ ಕಾಣಿಕೆಯ ಆಳ ನೋಡಿದರು. ಇನ್ನೊಂದು ವಾರ ಯಜ್ಞವೇದಿಯ ಆಳ. ಸಹೋದರನ ತನಕ ಬರುವಷ್ಟರಲ್ಲಿ ಮದುವೆಗೆ ಉಳಿದದ್ದು ನಡುವಿನ ಒಂದು ಶುಕ್ರವಾರ ಮಾತ್ರ.

ಆ ಗುರುವಾರ ಅವಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಗಂಡ ಓದಿ ಕಣ್ಣು ಮುಚ್ಚಿದ.

"ಸಹೋದರ ಅಂದ್ರೆ ಹೊರಗಿನವನು ಅಂದ್ಕೋಬೇಡಿ. ನಮ್ಮೊಳಗೇ ಒಬ್ಬ ಇದ್ದಾನೆ. ಅವನ ಜೊತೆ ರಾಜಿ ಆಗೋದು ಜೀವಮಾನದ ಕೆಲಸ. ಅವಸರ ಮಾಡಬಾರದು."

"ಆಹಾ, ಎಂಥಾ ಆಳ!" ಎಂದರು ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಭಾವನ ಸರದಿ ಬಂತು. "ನನ್ನನ್ನ ಹಿಡಿದಿದ್ದು 'ಮೊದಲು' ಅನ್ನೋ ಪದ. ನಾಡಿದ್ದು ಮದುವೆ ಕಣೋ. ಚಿಕ್ಕಪ್ಪ ಬರ್ತಾರಾ ಅಂತ ಹುಡುಗಿ ದಿನಾ ಕೇಳ್ತಾಳೆ."

ಗಂಡ ಕಣ್ಣು ತೆರೆಯಲಿಲ್ಲ. "ಮನೆ ವಿಷಯ ಇಲ್ಲಿ ತರಬಾರದು. ಆದ್ರೆ ಪದ ಚೆನ್ನಾಗಿದೆ. ಮುಂದಿನ ವಾರ ಅದನ್ನೇ ತಗೊಳ್ಳೋಣ."

ಭಾವ ಎದ್ದು, ಚಪ್ಪಲಿಯನ್ನು ತಡಕಾಡಿ ಮೆಟ್ಟಿಕೊಂಡು ಹೊರಟರು. ಕೋಣೆಯಲ್ಲಿ ಮುಚ್ಚಿದ ಕಣ್ಣುಗಳು ಮುಚ್ಚಿಯೇ ಇದ್ದವು. ಇಂಥವನ ಜೊತೆ ಇಷ್ಟು ವರ್ಷ ಬಾಳಿದೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಚಹಾದ ತಟ್ಟೆಯನ್ನು ತಂದು ಗಂಡನ ಮುಂದೆ, ತೆರೆದಿಟ್ಟ ಪುಸ್ತಕದ ಪಕ್ಕದಲ್ಲೇ ಕುಕ್ಕಿ, ಬಾಗಿಲ ಕಡೆ ತಿರುಗಿದಳು. ಆ ಸದ್ದಿಗೆ ಗಂಡನ ಕಣ್ಣು ತೆರೆಯಿತು.

"ಎಲ್ಲಿಗೆ ಹೊರಟೆ? ಚಹಾ ಯಾರು ಕೊಡ್ತಾರೆ?"

"ಇಲ್ಲೇ ಇಟ್ಟಿದೀನಲ್ಲ" ಎಂದವಳೇ ಹೊರಗೆ ಬಂದಳು.

ಬೀದಿಯ ತಿರುವಿನಲ್ಲಿ ಭಾವ ಸಿಕ್ಕರು.

"ನಿಲ್ಲಿ ಭಾವ. ಮದುವೆ ಮನೇಲಿ ಏನೇನು ಕೆಲಸ ಬಾಕಿ ಇದೆ ಹೇಳಿ, ಈಗಲೇ ಬರ್ತೀನಿ."

ಅವರು ಅವಳ ಹಿಂದೆ ಬೀದಿಯುದ್ದಕ್ಕೂ ನೋಡಿದರು. "ಅವನು?"

"ಅವರು ಇನ್ನೂ ಓದ್ತಾ ಇದ್ದಾರೆ."