ಗಿಡ್ಡ ಕುರ್ಚಿ

"ಅದು ಎತ್ತರ ಆಯ್ತು ಕಣೋ, ಆ ಗಿಡ್ಡದ್ದು ತಗೊಂಬಾ," ಎಂದರು ಸೋದರಮಾವ ರಾಮಕೃಷ್ಣಪ್ಪ.

ರಘುನಾಥ್ ಬಾಗಿಲ ಮುಂದಿನ ನಾಲ್ಕು ಕಬ್ಬಿಣದ ಕುರ್ಚಿಗಳಲ್ಲಿ ನೀಲಿಯದನ್ನು ಎತ್ತಿ ತಂದ. ಅವರ ಮನೆತನದಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ತಾಯಿ ದ್ರೌಪದಮ್ಮನನ್ನು ನೋಡಲು ಬ್ಯಾಟರಾಯನಪುರದ ಆ ಬೀದಿಯ ಅರ್ಧ ಜನ ಬಂದಿದ್ದರು.

"ಆಮೇಲೆ ಇದನ್ನ ಮನೇಗ್ ತರ್ಬೇಡ. ಅಕ್ಕನ್ನ ಕೂರಿಸಿದ್ದು, ಸ್ಮಶಾನದಲ್ಲೇ ಬಿಟ್ ಬರ್ಬೇಕು," ಎಂದರು ಮಾವ.

ಎದುರುಮನೆಯ ದಿಲ್ಶಾದ್ ಗೇಟಿನ ಬಳಿ ನಿಂತಿದ್ದರು. ಅತ್ತು ಅತ್ತು ಊದಿದ ಕಣ್ಣು ಈಗ ಕುರ್ಚಿಯ ಕಾಲುಗಳನ್ನು ಬಿಟ್ಟು ಕದಲುತ್ತಿರಲಿಲ್ಲ. ರಘುನಾಥನಿಗೆ ಕುತೂಹಲವಾಯಿತು.

"ಏನಾಯ್ತು ಆಂಟಿ?"

"ಏನಿಲ್ಲಪ್ಪಾ. ಅಕ್ಕಂಗೆ ಮಂಡಿನೋವು. ಇದ್ರಲ್ಲಿ ಕೂತ್ರೆ ಏಳೋಕಾಗಲ್ಲ."

"ಇನ್ನೆಲ್ಲಿ ಏಳ್ತಾಳಮ್ಮಾ," ಎಂದರು ರಾಮಕೃಷ್ಣಪ್ಪ.

* * *

ಆರು ವರ್ಷದ ಹಿಂದೆ ದ್ರೌಪದಮ್ಮ ಗುಜರಿ ಅಂಗಡಿಯಿಂದ ಈ ಕುರ್ಚಿಗಳನ್ನು ಆಟೋದಲ್ಲಿ ಹೇರಿಕೊಂಡು ಬಂದಾಗ ಬೀದಿಯೇ ನಕ್ಕಿತ್ತು. ಅವರು ಕ್ಯಾರೇ ಅನ್ನಲಿಲ್ಲ. ವಾರವಿಡೀ ಎಮರಿ ಪೇಪರಿನಲ್ಲಿ ತುಕ್ಕು ಉಜ್ಜಿದರು. ಯಾರ ಮನೆಯಲ್ಲಿ ಬಣ್ಣ ಮಿಕ್ಕಿದರೂ ಡಬ್ಬ ಈಸಿಕೊಂಡರು. ಪ್ಲಾಸ್ಟಿಕ್ ವೈರಿನಿಂದ ಸೀಟನ್ನೂ ತಾವೇ ಹೆಣೆದರು. ಎರಡು ಹಸಿರು, ಒಂದು ನೀಲಿ, ಇನ್ನೊಂದು ಯಾವ ಬಣ್ಣವೆಂದು ಅವರಿಗೂ ಗೊತ್ತಿರಲಿಲ್ಲ.

ಸಂಜೆ ಬಂದು ಕೂತರೆ ದಿಲ್ಶಾದ್ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹತ್ತು ನಿಮಿಷಕ್ಕೇ ಜೋಮು ಹಿಡಿದು, "ಬರ್ತೀನಿ ಅಕ್ಕಾ," ಎಂದು ಎದ್ದುಬಿಡುತ್ತಿದ್ದರು. ಕುಳ್ಳಿ ಎಂದು ಅನ್ನಿಸಿಕೊಂಡು ಬೆಳೆದವರು, ಕಾರಣ ಹೇಳುತ್ತಿರಲಿಲ್ಲ.

ಒಂದು ದಿನ ನೀಲಿ ಕುರ್ಚಿ ಗಿಡ್ಡವಾಗಿತ್ತು.

"ಕಾಲೆಲ್ಲಾ ತುಕ್ಕು ತಿಂದ್ಬಿಟ್ಟಿತ್ತು ಕಣೇ. ಕುಯ್ದು ರಬ್ಬರ್ ಹಾಕ್ದೆ," ಎಂದರು ದ್ರೌಪದಮ್ಮ. "ನಂಗೆ ಮಂಡಿನೋವು, ಇದ್ರಲ್ಲಿ ಆಗಲ್ಲ. ನೀನೇ ಕೂತ್ಕೊ."

ಅಂದಿನಿಂದ ದಿಲ್ಶಾದ್ ಸಂಜೆಯ ಆಜಾನ್ ಕೇಳುವವರೆಗೂ ಕೂರುತ್ತಿದ್ದರು.

* * *

ಅಕ್ಕನ ಜೊತೆ ಆ ಕುರ್ಚಿಯೂ ಇವತ್ತು ಹೋಗುತ್ತದೆ. ನನಗೆ ಕೊಡಿ ಎನ್ನಲು ದಿಲ್ಶಾದ್ ಅವರಿಗೆ ಬಾಯಿ ಬರಲಿಲ್ಲ. ಇಷ್ಟು ಜನ ನೆಂಟರ ನಡುವೆ ತಾನು ಬರೀ ಎದುರುಮನೆಯವಳು.

ಹೆಣ ವಾಲದಂತೆ ಕಟ್ಟಲು ಏನಾದರೂ ಬೇಕಿತ್ತು. ರಘುನಾಥ್ ಒಳಗಿನಿಂದ ತಾಯಿಯ ಬಿಸ್ಕತ್ ಡಬ್ಬ ತಂದು ತೆರೆದ. ವೈರಿನ ಉಂಡೆ, ಬ್ರಷ್ಷು, ಅಡಿಯಲ್ಲಿ ಬಟ್ಟೆ ಸುತ್ತಿದ ನಾಲ್ಕು ಕಬ್ಬಿಣದ ತುಂಡು, ಹೆಬ್ಬೆರಳುದ್ದದವು. ನೀಲಿ ಬಣ್ಣ. ಕುರ್ಚಿಯ ಕಾಲಿಗೆ ಹಿಡಿದು ನೋಡಿದ, ಅದರದ್ದೇ. ತಿರುಗಿಸಿ ತಿರುಗಿಸಿ ನೋಡಿದ. ಗಟ್ಟಿ ಕಬ್ಬಿಣ, ತುಕ್ಕಿನ ಒಂದು ಚುಕ್ಕೆಯೂ ಇಲ್ಲ.

"ಆಂಟಿ, ಇದರ ಕಾಲು ಅಮ್ಮ ಯಾಕ್ ಕುಯ್ದಿದ್ದು?"

"ತುಕ್ಕು ತಿಂದಿತ್ತಂತಪ್ಪಾ. ನನ್ನ ಅದೃಷ್ಟ, ನನ್ನ ಕಾಲಿಗೆ ಸರಿಯಾಯ್ತು."

ರಘುನಾಥ್ ತುಂಡುಗಳನ್ನು ಜೇಬಿಗೆ ಹಾಕಿಕೊಂಡ.

"ಹೌದು ಆಂಟಿ, ತುಕ್ಕೇ," ಎಂದ. "ಮಾವ, ಇದು ಅಮ್ಮನ ಭಾರ ತಡ್ಯಲ್ಲ. ಹಸಿರು ಕುರ್ಚೀಲೇ ಕೂರ್ಸೋಣ."

ತಾಯಿಯನ್ನು ಕೂರಿಸಿ, ಹಾರ ಹಾಕಿ, ಗಿಡ್ಡ ಕುರ್ಚಿಯನ್ನು ಎದುರಿಗೆ ತಂದಿಟ್ಟ.

"ಕೂತ್ಕೊಳಿ ಆಂಟಿ. ಇದು ಎಲ್ಲೂ ಹೋಗಲ್ಲ."

ದಿಲ್ಶಾದ್ ಚಪ್ಪಲಿ ಬಿಟ್ಟು ಬಂದು ಕೂತರು. ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ಊರಿದ್ದವು.